ಗೇಟಿನ ಹೊರಗೆ ಬಿದ್ದರೆ ಏನೂ ಸಿಗಲ್ಲ ಅನ್ನೋದು ಸುಳ್ಳು

"ಫ್ಯಾಕ್ಟರಿ ಗೇಟಿನ ಹೊರಗೆ ಅಪಘಾತವಾದರೆ ಕಂಪನಿಗೂ ಇಎಸ್‌ಐಗೂ (ನೌಕರರ ಸರ್ಕಾರಿ ವಿಮೆ) ಸಂಬಂಧವಿಲ್ಲ" ಅಂತ ಒಂದು ಮೆಸೇಜ್ ಓಡಾಡುತ್ತಿದೆ. ಅದು ತಪ್ಪು.

2010ರಲ್ಲೇ ಇಎಸ್‌ಐ ಕಾಯ್ದೆಗೆ 51ಇ ಅನ್ನೋ ಸೆಕ್ಷನ್ ಸೇರಿತು. ಮನೆಯಿಂದ ಕೆಲಸಕ್ಕೆ ಹೋಗುವಾಗ ಅಥವಾ ಮುಗಿಸಿ ಬರುವಾಗ ಅಪಘಾತವಾದರೆ ಅದನ್ನೂ ಕೆಲಸದ ಅಪಘಾತ ಅಂತಲೇ ನೋಡಬೇಕು ಅನ್ನೋದು ಅದರ ಅರ್ಥ. ಹಾಗಂತ ಸುಮ್ನೆ ಸಿಗಲ್ಲ. ಹೊತ್ತು, ಜಾಗ, ಸಂದರ್ಭ ಮೂರೂ ಕೆಲಸಕ್ಕೆ ಹೊಂದಬೇಕು. ಶಿಫ್ಟ್ ಮುಗಿಸಿ ನಾಲ್ಕು ತಾಸು ಎಲ್ಲೋ ಸುತ್ತಿ ಆಮೇಲೆ ಬಿದ್ದರೆ ವಾದ ನಿಲ್ಲೋದು ಕಷ್ಟ, ಅಲ್ವಾ?

ಇಎಸ್‌ಐ ಇಲ್ಲದವರ ಗತಿ? 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೂ ಉತ್ತರ ಕೊಟ್ಟಿದೆ. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಕಾವಲುಗಾರರೊಬ್ಬರು 2003ರಲ್ಲಿ ಬೆಳಗಿನ ಜಾವ 3 ಗಂಟೆಯ ಡ್ಯೂಟಿಗೆ ಬೈಕಿನಲ್ಲಿ ಹೊರಟಿದ್ದರು, ಕಾರ್ಖಾನೆ ಇನ್ನೂ 5 ಕಿಲೋಮೀಟರ್ ಇದೆ ಅನ್ನುವಾಗ ಅಪಘಾತವಾಗಿ ತೀರಿಕೊಂಡರು. ಪರಿಹಾರ ಕೊಡಬೇಕಿಲ್ಲ ಅಂದಿದ್ದ ಹೈಕೋರ್ಟ್ ತೀರ್ಪು ರದ್ದಾಯಿತು. ಆ ಹೊತ್ತಿನಲ್ಲಿ, ಆ ದಾರಿಯಲ್ಲಿ ಅವರು ಇನ್ನೆಲ್ಲಿಗೆ ಹೋಗುತ್ತಿದ್ದರು ಹೇಳಿ! ಆದರೆ ಮನೆಯವರು ಇಪ್ಪತ್ತೆರಡು ವರ್ಷ ಕಾದರು, ಅದೇ ಜಾಸ್ತಿ ಬೇಜಾರು.

ಆದ್ದರಿಂದ ಯಾರಾದರೂ ದಾರಿಯಲ್ಲಿ ಬಿದ್ದರೆ ಆಸ್ಪತ್ರೆ ಚೀಟಿ, ಎಫ್‌ಐಆರ್, ಆ ದಿನದ ಹಾಜರಿ, ಮೂರನ್ನೂ ಎತ್ತಿಡಿ. ಕಂಪನಿಗೆ ಬರವಣಿಗೆಯಲ್ಲೇ ತಿಳಿಸಿ. ಸೂಪರ್‌ವೈಸರ್‌ಗೆ ಫೋನಿನಲ್ಲಿ ಹೇಳಿದ್ದು ಆಮೇಲೆ ಯಾರಿಗೂ ನೆನಪಿರಲ್ಲ.