ಬರ್ತೀನಿ ಅಂದವರು

ನಮ್ಮಲ್ಲಿ ಯಾರೂ 'ಹೋಗ್ತೀನಿ' ಅನ್ನುವುದಿಲ್ಲ. ಚಪ್ಪಲಿ ಮೆಟ್ಟಿ ಒಂದು ಕಾಲು ಹೊಸ್ತಿಲಾಚೆ ಇಟ್ಟವರೂ 'ಬರ್ತೀನಿ' ಅನ್ನುತ್ತಾರೆ. ಅಂದ ಮೇಲೂ ಹೋಗುವುದಿಲ್ಲ. ಒಳಗೆ ಮೂರು ಗಂಟೆ ಕೂತಾಗ ನೆನಪಾಗದ ವಿಷಯವೆಲ್ಲ ಗೇಟಿನ ಹತ್ತಿರ ನೆನಪಾಗಿ, ಅಲ್ಲೊಂದು ಅರ್ಧ ಗಂಟೆ ಆಗುತ್ತದೆ. ಹಳೇ ರಾಕ್ ಸಂಗೀತಗಾರರೂ ಇದೇ ಜಾತಿಯವರು ಅಂತ ನನಗೆ ಗೊತ್ತಾಗಿದ್ದು ಇಂಗ್ಲೆಂಡಿನ ರಾಕ್ ತಂಡ ಬ್ಲ್ಯಾಕ್ ಸಬ್ಬತ್‌ನ ಇಬ್ಬರು ಅಭಿಮಾನಿಗಳ ನಡುವೆ ಸಿಕ್ಕಿಕೊಂಡ ಮೇಲೆ.

2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್ ಫುಟ್‌ಬಾಲ್ ಮೈದಾನದಲ್ಲಿ ಆ ತಂಡದ ಮೂಲ ನಾಲ್ವರು ಇಪ್ಪತ್ತು ವರ್ಷಗಳ ನಂತರ, ಇದೇ ಕೊನೆಯ ಸಲ ಅಂತ ಹೇಳಿ, ಒಟ್ಟಿಗೆ ವೇದಿಕೆಯಲ್ಲಿ ನಿಂತರು. ಗಿಟಾರಿನ ಟೋನಿ ಐಯೋಮಿ, ಬೇಸ್ ಗಿಟಾರಿನ ಗೀಜರ್ ಬಟ್ಲರ್, ಡ್ರಮ್ಸಿನ ಬಿಲ್ ವಾರ್ಡ್, ಹಾಡುಗಾರ ಓಜಿ ಓಸ್ಬೋರ್ನ್. ನಿಂತರು ಅಂದದ್ದು ತಪ್ಪಾಯಿತು. ಪಾರ್ಕಿನ್‌ಸನ್ ಕಾಯಿಲೆಯ ಓಜಿ ಕಪ್ಪು ಸಿಂಹಾಸನವೊಂದರಲ್ಲಿ ಕೂತು, ವೇದಿಕೆಯ ಅಡಿಯಿಂದ ಮೇಲೆದ್ದು ಬಂದರು. ಕೊನೆಯತನಕ ಕೂತೇ ಹಾಡಿದರು.

ನನ್ನ ಗೆಳೆಯರಿಬ್ಬರೂ ಕಾಲೇಜಿನ ದಿನಗಳಿಂದ ಈ ಹುಚ್ಚು ಹಿಡಿಸಿಕೊಂಡವರು. ಒಗೆದೊಗೆದು ಬೂದಿಬಣ್ಣಕ್ಕೆ ತಿರುಗಿದ ಕಪ್ಪು ಟೀ ಶರ್ಟನ್ನು, ಹೊಟ್ಟೆ ಒಪ್ಪದಿದ್ದರೂ, ಇನ್ನೂ ಏರಿಸುವವರು. ದುಡ್ಡು ಕಟ್ಟಿ ಆನ್‌ಲೈನಿನಲ್ಲಿ ರಾತ್ರಿಯಿಡೀ ನೋಡಿದರು. ನೇರಪ್ರಸಾರ ಅಂತ ಹೆಸರೇ ಹೊರತು ಅದು ಮೈದಾನಕ್ಕಿಂತ ಎರಡು ಗಂಟೆ ಹಿಂದಿತ್ತು. ಅಷ್ಟರಲ್ಲಿ ಅಲ್ಲಿದ್ದವರ ಫೋನುಗಳಿಂದ ಗುಟ್ಟೆಲ್ಲ ಹೊರಗೆ ಬಿದ್ದಿತ್ತು. ಒಬ್ಬ ಫೋನು ಆಫ್ ಮಾಡಿ ಬೀರುವಿನಲ್ಲಿಟ್ಟಿದ್ದ. ಇನ್ನೊಬ್ಬ ಎಲ್ಲ ತಿಳಿದುಕೊಂಡೇ ಪಕ್ಕದಲ್ಲಿ ಕೂತು, ಪ್ರತಿ ಹಾಡಿಗೂ ಮುಂಚೆ 'ಈಗ ನೋಡು, ಈಗ' ಅನ್ನುತ್ತಿದ್ದನಂತೆ. ಅವರ ಸ್ನೇಹ ಹೇಗೆ ಉಳಿದಿದೆಯೋ ದೇವರೇ ಬಲ್ಲ.

ಮಾರನೇ ದಿನ ಇಬ್ಬರೂ ನನ್ನೆದುರು ಕೂತರು.

"ಇಪ್ಪತ್ತು ವರ್ಷ ಕಾಯಿಸಿ ನಾಲ್ಕೇ ನಾಲ್ಕು ಹಾಡಾ?"

"ನಾಲ್ಕು ಜನ, ನಾಲ್ಕು ಹಾಡು. ತಲೆಗೊಂದು. ಇನ್ನೆಷ್ಟು ಬೇಕಿತ್ತು ಮಾರಾಯ? ಅದಕ್ಕೆ ಮುಂಚೆ ಓಜಿ ತನ್ನ ಬೇರೆ ತಂಡದ ಜೊತೆ ಐದು ಹಾಡಿದ್ದು?"

"ಅದು ಓಜಿ ಖಾತೆ. ಇದು ಸಬ್ಬತ್ ಖಾತೆ. ಎರಡೂ ಸೇರಿಸಬೇಡ." ಹೀಗಂದವನು ಬ್ಯಾಂಕಿನಲ್ಲಿದ್ದಾನೆ.

ನಾನು ಗಮನಿಸಿದ್ದು ಏನೆಂದರೆ, ಅಭಿಮಾನಿಗಳು ಕಾರ್ಯಕ್ರಮ ಮುಗಿದ ಮೇಲೆ ಸಂಗೀತದ ಬಗ್ಗೆ ಮಾತಾಡುವುದೇ ಕಡಿಮೆ. ಬಿಲ್ ವಾರ್ಡ್ ಎಪ್ಪತ್ತೇಳರ ವಯಸ್ಸಿನಲ್ಲೂ ಹಳೇ ಕಾಲದ ಹಾಗೆ ಅಂಗಿ ಬಿಚ್ಚಿ ಡ್ರಮ್ಸ್ ಬಾರಿಸಿದ್ದಕ್ಕೆ ಹತ್ತು ನಿಮಿಷ. ನಿರೂಪಣೆಗೆ ಬಂದಿದ್ದ ಹಾಲಿವುಡ್ ನಟ ಜೇಸನ್ ಮೊಮೊವಾ ಜನರ ನೂಕುನುಗ್ಗಲಿಗೆ ತಾನೇ ಇಳಿದದ್ದಕ್ಕೆ ಇನ್ನೊಂದು ಹತ್ತು. ದಾನಧರ್ಮಕ್ಕೆಂದು ನಡೆದ ಈ ಕಾರ್ಯಕ್ರಮದಿಂದ 14 ಕೋಟಿ ಬಂತಂತೆ ಅಂತ ಸುದ್ದಿ ಹಬ್ಬಿತ್ತು. ಇವನು ಪೌಂಡ್ ಅಂದ, ಅವನು ಡಾಲರ್ ಅಂದ, ಕಿತ್ತಾಡಿದರು. ಆಮೇಲೆ ಓಜಿಯ ಹೆಂಡತಿ ಷಾರನ್, ಅಷ್ಟು ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನುವ ಅರ್ಥದಲ್ಲಿ ಆ ಲೆಕ್ಕವನ್ನೇ ತಳ್ಳಿಹಾಕಿದರು. ಗೆಳೆಯರು ಮಾತ್ರ ರಾಜಿಯಾಗಿಲ್ಲ.

ಸಂಗೀತಕ್ಕೆ ಹತ್ತಿರ ಬಂದದ್ದು ಐಯೋಮಿಯ ಬೆರಳಿನ ಕಥೆಯಲ್ಲಿ. ಅದನ್ನು ನಾನು ನೂರು ಸಲ ಕೇಳಿದ್ದೇನೆ, ಆದರೂ ತಡೆಯುವುದಿಲ್ಲ. ಹದಿನೇಳರ ಹುಡುಗ, ತಗಡಿನ ಕಾರ್ಖಾನೆ, ಅದೂ ಕೆಲಸದ ಕೊನೇ ದಿನ. ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಹೋಯಿತು. ಎಡಚ ಗಿಟಾರಿಗನಿಗೆ ತಂತಿ ಒತ್ತುವ ಕೈಯೇ ಅದು. ಹುಡುಗ ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ, ಬೆರಳಿಗೆ ಟೊಪ್ಪಿ ಮಾಡಿಕೊಂಡ. ನೋವಿಗೆಂದು ಮುಂದೆ ತಂತಿಗಳನ್ನೂ ಸಡಿಲ ಮಾಡಿದ; ಸದ್ದು ಕೆಳಗಿಳಿಯಿತು, ದಪ್ಪಗಾಯಿತು, ಕತ್ತಲಾಯಿತು. ಇಲ್ಲಿಗೆ ಬರುವಾಗ ಗೆಳೆಯ ಯಾವಾಗಲೂ ತನ್ನ ಬೆರಳಿಗೆ ಪೆನ್ನಿನ ಮುಚ್ಚಳ ಹಾಕಿಕೊಂಡು ತೋರಿಸುತ್ತಾನೆ. ಆ ದಿನ ವಿಲ್ಲಾ ಪಾರ್ಕಿನಲ್ಲಿ, ಅದೇ ಸದ್ದನ್ನು ಹಿಡಿದು ಬೆಳೆದ ಮೆಟಾಲಿಕಾದಂಥ ದೊಡ್ಡ ತಂಡಗಳೇ ಮಧ್ಯಾಹ್ನದಿಂದ ಸರದಿಯಲ್ಲಿ ಬಂದು ನುಡಿಸಿದ್ದು, ಒಂದು ರೀತಿಯಲ್ಲಿ ಆ ಬಾಟಲಿಗೆ ನಮಸ್ಕಾರ ಹಾಕಿದ ಹಾಗೆ.

ನಾಲ್ವರೂ ಆ ಮೈದಾನವಿರುವ ಆಸ್ಟನ್ ಭಾಗದ ಹುಡುಗರು. ಓಜಿ ಬೆಳೆದ ಲಾಡ್ಜ್ ರೋಡಿನ ಮನೆ ಮೈದಾನದಿಂದ ನಡೆದುಹೋಗುವಷ್ಟು ಹತ್ತಿರ. ಪಂದ್ಯದ ದಿನ ಬಂದವರ ಕಾರು ಕಾದು ಚಿಲ್ಲರೆ ಕಾಸು ಗಿಟ್ಟಿಸುತ್ತಿದ್ದ ಹುಡುಗ, ಎಪ್ಪತ್ತಾರನೇ ವಯಸ್ಸಿಗೆ ಅದೇ ಮೈದಾನದೊಳಗೆ ಸಿಂಹಾಸನದ ಮೇಲೆ. ಅಲ್ಲಿ ಕೂತು, 'ಅಮ್ಮಾ, ಮನೆಗೆ ಬರ್ತಿದೀನಿ' ಅನ್ನುವ ಅರ್ಥದ ತನ್ನ ಹಳೇ ಹಾಡನ್ನು ಶುರು ಮಾಡಿದಾಗ ದನಿ ಅಲ್ಲಲ್ಲಿ ಕೈಕೊಟ್ಟಿತು. ಆ ಹಾಡು ಬಂದಾಗ ಏನಾಯಿತು ಅಂತ ಬ್ಯಾಂಕಿನವನನ್ನು ಕೇಳಿದೆ. "ನಿದ್ದೆ ಬಂದಿತ್ತು, ಸರಿಯಾಗಿ ನೋಡಲಿಲ್ಲ" ಅಂದ. ಇನ್ನೊಬ್ಬ ನನಗೆ ಕಣ್ಣು ಮಿಟುಕಿಸಿದ.

'ಬರ್ತೀನಿ' ಅನ್ನುವುದರಲ್ಲಿ ಓಜಿ ನಮ್ಮವರನ್ನೂ ಮೀರಿಸಿದವರು. 1992ರಲ್ಲೇ ಒಂದು ವಿದಾಯದ ಪ್ರವಾಸ ಮಾಡಿದರು. ಅದರ ಹೆಸರು 'ಇನ್ನು ಪ್ರವಾಸವಿಲ್ಲ' ಅಂತ. ಮೂರು ವರ್ಷಕ್ಕೆ ವಾಪಸು ಬಂದರು, ನಿವೃತ್ತಿಯನ್ನೇ ಬೈಯುವ ಹೆಸರಿಟ್ಟುಕೊಂಡು. 2018ರಲ್ಲಿ ಮತ್ತೆ ವಿದಾಯ: 'ಇನ್ನು ಪ್ರವಾಸವಿಲ್ಲ, ಭಾಗ 2'. ಬ್ಲ್ಯಾಕ್ ಸಬ್ಬತ್ ಕೂಡ 2017ರ ಫೆಬ್ರವರಿಯಲ್ಲಿ ಬರ್ಮಿಂಗ್‌ಹ್ಯಾಮಿನಲ್ಲೇ 'ಮುಕ್ತಾಯ' ಮಾಡಿಯಾಗಿತ್ತು. ಅದರಲ್ಲಿ ಬಿಲ್ ಇರಲಿಲ್ಲ, ಆದ್ದರಿಂದ ಅದು ಮುಕ್ತಾಯವೇ ಅಲ್ಲ ಅನ್ನುವುದರಲ್ಲಿ ನನ್ನ ಗೆಳೆಯರಿಬ್ಬರಿಗೂ ಒಂದೇ ಮಾತು. ಅವರು ಒಪ್ಪಿಕೊಂಡ ವಿಷಯ ನಾನು ಕಂಡಂತೆ ಅದೊಂದೇ.

ಈ ಸಲ ಮಾತ್ರ ಗೇಟಿನ ಹತ್ತಿರ ಮಾತಾಡಲು ಸಮಯ ಸಿಗಲಿಲ್ಲ. ಹದಿನೇಳು ದಿನಕ್ಕೆ, ಜುಲೈ 22ರಂದು, ಓಜಿ ತೀರಿಕೊಂಡರು. ಬರ್ಮಿಂಗ್‌ಹ್ಯಾಮಿನ ಬ್ರಾಡ್ ಸ್ಟ್ರೀಟಿನ ಕಾಲುವೆ ಸೇತುವೆಗೆ ಈ ತಂಡದ್ದೇ ಹೆಸರು; ಅಲ್ಲಿರುವ ಬೆಂಚಿನ ಮೇಲೆ ನಾಲ್ವರ ಮುಖಗಳಿವೆ. ಜನ ಹೂವು ತಂದು ತಂದು ಆ ಬೆಂಚನ್ನೇ ಮುಚ್ಚಿದರು.

ಆಮೇಲೆ ಗೀಜರ್ ಬಟ್ಲರ್ ಒಂದು ವಿಷಯ ಬರೆದುಕೊಂಡರು. ಬೇರೆ ದಿನವಾಗಿದ್ದರೆ ಕೊನೆಯಲ್ಲಿ ನಾಲ್ವರೂ ತಬ್ಬಿಕೊಂಡು ಜನರಿಗೆ ಬಾಗುತ್ತಿದ್ದರು. ಆ ರಾತ್ರಿ ಏನು ಮಾಡಬೇಕು ಅಂತ ಯಾರೂ ಮೊದಲೇ ಯೋಚಿಸಿರಲಿಲ್ಲ. ಟೋನಿ ಓಜಿಯ ಕೈಕುಲುಕಿದರು, ಗೀಜರ್ ಒಂದು ಕೇಕು ಕೊಟ್ಟರು, ಅಷ್ಟೇ. ಇನ್ನಷ್ಟು ಮಾತಾಡಬೇಕಿತ್ತು ಅನ್ನುವುದು ಅವರ ಕೊರಗು. 1968ರಿಂದ ಜೊತೆಗಿದ್ದವರು!

ಇದನ್ನು ಓದಿಹೇಳಿದಾಗ ಗೆಳೆಯರಿಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಬ್ಯಾಂಕಿನವನು ಫೋನು ತೆಗೆದು, ಆ ಕೊನೆಯ ದೃಶ್ಯ ಹುಡುಕಿ, ಎರಡು ಬೆರಳಿನಿಂದ ದೊಡ್ಡದು ಮಾಡಿದ. ಮೇಲೆ ಪಟಾಕಿಯ ಬೆಳಕು, ಕೆಳಗೆ ಕೇಕು.

"ಚಾಕೊಲೇಟಾ?" ಅಂದ ಇವನು.

"ಮಬ್ಬಾಗಿದೆ ಕಣೋ, ಕಾಣಲ್ಲ. ಎದ್ದು ಬಾ, ಟೀವಿಗೆ ಹಾಕೋಣ."