ಮೊದಲು ನೆಲ ಗಟ್ಟಿಯಾಗಲಿ, ಆಮೇಲೆ ಸುರಂಗ

ಹುಬ್ಬಳ್ಳಿಯ ಚೆನ್ನಮ್ಮ ವೃತ್ತದ ಮೇಲ್ಸೇತುವೆ ಕಾಮಗಾರಿಯ ಧೂಳು ಕುಡಿದು ಬೇಸತ್ತ ಗೆಳೆಯರು ಈಚೆಗೆ ಪದೇ ಪದೇ ಒಂದು ಮಾತು ಹೇಳುತ್ತಿದ್ದಾರೆ: ಇಷ್ಟೆಲ್ಲ ತಾಪತ್ರಯದ ಬದಲು ಬೆಂಗಳೂರು ಮೆಟ್ರೊದವರಂತೆ ನೆಲದಡಿ ಸುರಂಗ ತೋಡಿದ್ದರೆ ಮುಗಿಯುತ್ತಿತ್ತಲ್ಲ ಎಂದು. ಸುರಂಗಕ್ಕೆ ನನ್ನ ವಿರೋಧವಿಲ್ಲ. ಆದರೆ ಈ ಚರ್ಚೆಯಲ್ಲಿ ಯಂತ್ರದ ಮಾತು ಬರುತ್ತದೆ, ಕೋಟಿಗಳ ಲೆಕ್ಕ ಬರುತ್ತದೆ, ಯಂತ್ರ ಕೊರೆಯಬೇಕಾದ ಮಣ್ಣಿನ ಮಾತು ಮಾತ್ರ ಬರುವುದಿಲ್ಲ. ಎರೆ ನೆಲದ ಊರಿನವರಾದ ನಾವೇ ಅದನ್ನು ಮರೆಯುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ಮನೆಯ ಬುನಾದಿ ತೆಗೆಯುವಾಗ ಹಿರಿಯ ಗೌಂಡಿಯೊಬ್ಬರು ನನ್ನನ್ನು ಕುಣಿಯೊಳಗೆ ಇಳಿಸಿ, "ಎರಿ ಪೂರಾ ತಗದು, ಗರಸ ತುಂಬಿ, ನೀರ ಹೊಡದು ಧಮ್ಮಸ್ ಮಾಡಸ್ರಿ ಸರ" ಎಂದಿದ್ದರು. ಹಾಗೆಯೇ ಮಾಡಿದೆವು, ಆ ಗೋಡೆಗಳು ಇಂದಿಗೂ ನೆಟ್ಟಗಿವೆ. ಕೆಲವು ವರ್ಷಗಳ ನಂತರ ಹಿತ್ತಲ ಕಡೆಗೆ ಅಡುಗೆಮನೆ ವಿಸ್ತರಿಸಿದಾಗ ಮಾತ್ರ ಖರ್ಚು ಉಳಿಸಲು ಎರೆಯ ಮೇಲೆಯೇ ಕಟ್ಟಿಸಿದೆ. ಈಗ ಅಲ್ಲಿ ಕಿಟಕಿಯ ಮೂಲೆಯಿಂದ ಚಾವಣಿಯವರೆಗೆ ಓರೆಯಾಗಿ ಒಂದು ಬಿರುಕು ಏರಿದೆ. ಯುಗಾದಿಯ ಹೊತ್ತಿಗೆ ಅದರಲ್ಲಿ ಒಂದು ರೂಪಾಯಿಯ ನಾಣ್ಯ ತೂರುತ್ತದೆ, ಶ್ರಾವಣದ ಜಿಟಿಜಿಟಿ ಮಳೆ ಹಿಡಿದ ಮೇಲೆ ತೂರುವುದಿಲ್ಲ.

ನೀರು ಕುಡಿದರೆ ಉಬ್ಬಿ, ಒಣಗಿದರೆ ಕುಗ್ಗುವ ಎರೆಯ ಈ ಆಟ ಮೇಲಿನ ಕೆಲವೇ ಮೀಟರುಗಳ ಸಂಗತಿ, ನಗರದ ಸುರಂಗಗಳು ಹೋಗುವುದು ಅದಕ್ಕಿಂತ ಬಹಳ ಕೆಳಗೆ ಎಂದು ಬಲ್ಲವರು ಹೇಳಬಹುದು. ನಿಜ. ಆದರೆ ಸುರಂಗದ ಬಾಯಿ, ಇಳಿಜಾರು, ನಿಲ್ದಾಣದ ಹೊಂಡ ಇವೆಲ್ಲ ಎರೆಯನ್ನು ಸೀಳಿಯೇ ಇಳಿಯಬೇಕು. ಇನ್ನೂ ಕೆಳಗಿರುವುದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ನಮ್ಮ ಧಾರವಾಡದ ಹೆಸರನ್ನೇ ಇಟ್ಟ ಪ್ರಾಚೀನ ಶಿಲೆಗಳು. ಇಂಥ ಶಿಲೆ ಎಲ್ಲೆಡೆ ಒಂದೇ ಸಮ ಗಟ್ಟಿಯಾಗಿರುವುದಿಲ್ಲ. ಒಂದು ಕಡೆ ಕಲ್ಲಾಗಿದ್ದರೆ ಪಕ್ಕದಲ್ಲೇ ಕೊಳೆತು ಪುಡಿಯಾಗಿರುತ್ತದೆ. ಯಂತ್ರದ ಮುಖದ ಅರ್ಧಕ್ಕೆ ಕಲ್ಲು, ಅರ್ಧಕ್ಕೆ ಸಡಿಲ ಮಣ್ಣು ಸಿಕ್ಕರೆ, ಕಲ್ಲನ್ನು ಕೊರೆಯುವಷ್ಟರಲ್ಲಿ ಮೇಲಿನ ಮಣ್ಣು ಬೇಕಾದದ್ದಕ್ಕಿಂತ ಹೆಚ್ಚು ಒಳಗೆ ಸುರಿಯುತ್ತದೆ. 6.5 ಮೀಟರ್ ವ್ಯಾಸದ ಸುರಂಗದಲ್ಲಿ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 33 ಘನಮೀಟರ್ ಮಣ್ಣು ಬರುತ್ತದೆ. ಅದಕ್ಕಿಂತ ಶೇ. 1ರಷ್ಟು ಹೆಚ್ಚು ಬಂದರೂ ಮೀಟರಿಗೆ ಮೂರನೆಯ ಒಂದು ಘನಮೀಟರಿನಷ್ಟು ನೆಲ ಕಳೆದುಹೋಯಿತೆಂದೇ ಲೆಕ್ಕ, ಮತ್ತು ಆ ಕೊರತೆ ಕೊನೆಗೆ ಮೇಲಿರುವವರ ಗೋಡೆಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಆದ್ದರಿಂದಲೇ ಕೊರೆಯುವ ಮೊದಲು ನೆಲವನ್ನು ಗಟ್ಟಿಮಾಡಬೇಕು, ಮತ್ತು ಅದರ ವಿಧಾನವನ್ನು ಮಣ್ಣೇ ನಿರ್ಧರಿಸುತ್ತದೆ. ದಪ್ಪ ಮರಳಿನ ಸಂದುಗಳಲ್ಲಿ ಸಿಮೆಂಟ್ ಹಾಲು (ಗ್ರೌಟ್) ಸಲೀಸಾಗಿ ಇಳಿಯುತ್ತದೆ. ಸಣ್ಣ ಮರಳಿಗೆ ಸಿಮೆಂಟಿನ ಕಣವೇ ದಪ್ಪವಾಗುವುದರಿಂದ ಸೋಡಿಯಂ ಸಿಲಿಕೇಟಿನಂಥ ದ್ರಾವಣ ಬೇಕಾಗುತ್ತದೆ. ಜೇಡಿಮಣ್ಣಿನೊಳಗೆ ಅದೂ ಇಳಿಯುವುದಿಲ್ಲ. ಅಲ್ಲಿ ಬಳಸುವುದು ಜೆಟ್ ಗ್ರೌಟಿಂಗ್: ಸರಳನ್ನು ಆಳಕ್ಕೆ ಇಳಿಸಿ, ವಾತಾವರಣದ ಒತ್ತಡದ ಸುಮಾರು 400 ಪಟ್ಟು ಒತ್ತಡದಲ್ಲಿ ಸಿಮೆಂಟ್ ಹಾಲನ್ನು ಅಡ್ಡಕ್ಕೆ ಚಿಮ್ಮಿಸುತ್ತ, ಸರಳನ್ನು ತಿರುಗಿಸುತ್ತ ನಿಧಾನವಾಗಿ ಮೇಲೆತ್ತುತ್ತಾರೆ. ಆ ಚಿಲುಮೆ ಮಣ್ಣನ್ನು ಕತ್ತರಿಸಿ, ತನ್ನೊಡನೆ ಕಲಸಿ, ಕಂಬವಾಗಿ ಗಟ್ಟಿಯಾಗುತ್ತದೆ. ಇಂಥ ಕಂಬಗಳನ್ನು ಒಂದಕ್ಕೊಂದು ಒತ್ತಿ ನಿಲ್ಲಿಸಿದರೆ ನೆಲದೊಳಗೇ ಒಂದು ಬಂಡೆ ಸಿದ್ಧವಾಗುತ್ತದೆ. ನೀರು ತುಂಬಿದ ಮಣ್ಣಿಗೆ ಕೊಳವೆಗಳಲ್ಲಿ ಅತಿ ತಣ್ಣನೆಯ ಉಪ್ಪುನೀರು ಹರಿಸಿ ಹೆಪ್ಪುಗಟ್ಟಿಸುವ ಪದ್ಧತಿಯೂ ಇದೆ. ಜರ್ಮನಿಯ ಗಣಿ ಎಂಜಿನಿಯರ್ ಪೋಟ್ಷ್ 1883ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. 1990ರ ದಶಕದಲ್ಲಿ ಲಂಡನ್ನಿನ ಜುಬಿಲಿ ಮಾರ್ಗದ ಕೆಲಸ ನಡೆದಾಗ ಬಿಗ್ ಬೆನ್ ಗೋಪುರದ ಕೆಳಗೆ ಮೊದಲೇ ಕೊಳವೆಗಳನ್ನು ಹೂಳಿಟ್ಟು, ಗೋಪುರ ವಾಲಿದಂತೆಲ್ಲ ಅಳೆದು ನೋಡಿ ಗ್ರೌಟ್ ತುಂಬಿ ಅದನ್ನು ಹಿಡಿದು ನಿಲ್ಲಿಸಿದರು. ಅಳತೆ, ಕೂಡಲೇ ಉಪಚಾರ, ಮತ್ತೆ ಅಳತೆ. ನನ್ನನ್ನು ಬಹುವಾಗಿ ಒಲಿಸಿಕೊಂಡದ್ದು ಈ ಶಿಸ್ತು.

ಈ ಶಿಸ್ತಿದ್ದರೂ ನೆಲ ಕೈಕೊಡಬಹುದು. 2017ರ ಆಗಸ್ಟ್ 12ರಂದು ಜರ್ಮನಿಯ ರಾಸ್ಟಾಟ್‌ನಲ್ಲಿ, ಮಣ್ಣನ್ನು ಹೆಪ್ಪುಗಟ್ಟಿಸಿಕೊಂಡೇ ಕೊರೆಯುತ್ತಿದ್ದ ಸುರಂಗದ ಮೇಲಿನ ರೈಲು ಹಳಿ ಕುಸಿದು, ಅಕ್ಟೋಬರ್ 2ರವರೆಗೆ ಮುಖ್ಯ ಮಾರ್ಗವೇ ಬಂದ್ ಆಯಿತು. ನಮ್ಮ ದೇಶದ ಕೋಲ್ಕತಾದ ಬೌಬಜಾರಿನಲ್ಲಿ 2019ರ ಆಗಸ್ಟ್ 31ರಂದು ಮೆಟ್ರೊ ಯಂತ್ರ ನೀರಿನ ಪದರಕ್ಕೆ ತಗುಲಿತು. ನೀರು ಮತ್ತು ಹೂಳು ಸುರಂಗಕ್ಕೆ ನುಗ್ಗಿ ಮೇಲಿನ ಹಳೆಯ ಮನೆಗಳು ಬಿರಿದವು, ಕೆಲವು ಕುಸಿದವು, ನೂರಾರು ಜನ ಮನೆ ಬಿಟ್ಟರು. 2022ರ ಮೇ ಮತ್ತು ಅಕ್ಟೋಬರ್ ತಿಂಗಳಲ್ಲಿ ಅದೇ ಬೌಬಜಾರಿನಲ್ಲಿ ಮನೆಗಳು ಮತ್ತೆ ಬಿರುಕು ಬಿಟ್ಟವು. ರಾತ್ರಿ ಉಟ್ಟ ಬಟ್ಟೆಯಲ್ಲಿ ಹೊರಬಿದ್ದ ಸಂಸಾರಕ್ಕೆ ಪರಿಹಾರದ ಹಣ ಅದೇ ಮನೆಯನ್ನು ಮರಳಿ ಕೊಡಲಾರದು.

ನಮ್ಮೂರಲ್ಲಿ ಎಂದಾದರೂ ಸುರಂಗದ ಯೋಜನೆ ಬಂದರೆ, ನೆಲ ಗಟ್ಟಿಮಾಡುವ ಕೆಲಸವನ್ನು ಒಟ್ಟು ಗುತ್ತಿಗೆಯೊಳಗೆ ಅಡಗಿಸದೆ, ಪ್ರತ್ಯೇಕವಾಗಿ ಅಳೆದು ಹಣ ಕೊಡುವ ವ್ಯವಸ್ಥೆ ಆಗಬೇಕು. ಒಟ್ಟು ಮೊತ್ತದೊಳಗೆ ಸೇರಿಸಿದರೆ ಮೊದಲು ಕತ್ತರಿ ಬೀಳುವುದು ಅದಕ್ಕೇ. ಮುಚ್ಚಿಹೋದ ಬಾವಿ, ಹಳೆಯ ಹೊಂಡ, ಬೋರ್‌ವೆಲ್‌ಗಳನ್ನು ಓಣಿಯ ಹಿರಿಯರನ್ನು ಕೇಳಿ ನಕ್ಷೆಗೆ ಏರಿಸಬೇಕು, ಏಕೆಂದರೆ ಒತ್ತಡದ ಗ್ರೌಟ್ ಆ ದಾರಿ ಹಿಡಿದು ಯಾರದೋ ಅಂಗಳದಲ್ಲಿ ಮೇಲೇಳಬಹುದು. ಕೊರೆದು ತೆಗೆದ ಮಣ್ಣು-ಕಲ್ಲಿನ ಮಾದರಿಗಳನ್ನು, ಯಾವ ಜಾಗ, ಎಷ್ಟು ಆಳ ಎಂದು ಕನ್ನಡದಲ್ಲಿ ಬರೆದು, ಪೆಟ್ಟಿಗೆಗಳಲ್ಲಿ ಜೋಡಿಸಿ ಟೆಂಡರ್ ಕರೆಯುವ ಮೊದಲೇ ಸಾರ್ವಜನಿಕರ ಮುಂದೆ ಇಡಬೇಕು. ಎಂಜಿನಿಯರರಷ್ಟೇ ಅಲ್ಲ, ನಮ್ಮ ಗೌಂಡಿಗಳೂ ಬಂದು ಆ ಮಣ್ಣನ್ನು ಬೆರಳಲ್ಲಿ ಹಿಸುಕಿ ನೋಡಲಿ.