ಯೂರಿಯವೂ ಇರಲಿ, ತಿಪ್ಪೆಯೂ ಇರಲಿ

ಮಂಡ್ಯದಲ್ಲಿ ಗೊಬ್ಬರದ ಮಾತು ತೆಗೆದರೆ ಸಾಕು, ಜನ ಎರಡು ಗುಂಪಾಗುತ್ತಾರೆ. ಸರ್ಕಾರಿ ಗೊಬ್ಬರ, ಅಂದರೆ ಯೂರಿಯದಂಥ ರಾಸಾಯನಿಕ ಗೊಬ್ಬರ, ಇಲ್ಲದೆ ಬೆಳೆ ಎಲ್ಲಿಂದ ಬರಬೇಕು ಅನ್ನುವವರು ಒಂದು ಕಡೆ. ಯೂರಿಯ ಅಂದರೆ ವಿಷ, ಇವತ್ತೇ ನಿಲ್ಲಿಸಿ ಅನ್ನುವವರು ಇನ್ನೊಂದು ಕಡೆ. ನಾನು ಹುಟ್ಟಿ ಬೆಳೆದಿದ್ದು ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ, ಈಗ ಇರುವುದು ಇಂಗ್ಲೆಂಡಿನ ಹಾರ್ಪೆಂಡೆನ್ ಹತ್ತಿರ. ಈ ಜಗಳಕ್ಕೆ ಇಲ್ಲಿನ ಒಂದು ಹೊಲ ಬಹಳ ಹಿಂದಿನಿಂದ ಉತ್ತರ ಕೊಡುತ್ತಾ ಬಂದಿದೆ.

ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಬ್ರಾಡ್‌ಬಾಕ್ ಹೊಲ ಅದು. 1843ರಿಂದ ಅಲ್ಲಿ ಗೋಧಿ ಬಿತ್ತುತ್ತಿದ್ದಾರೆ. ಹೊಲವನ್ನು ಉದ್ದುದ್ದ ಪಟ್ಟಿಗಳಾಗಿ ಮಾಡಿ, ಒಂದು ಪಟ್ಟಿಗೆ ಏನೂ ಹಾಕುವುದಿಲ್ಲ, ಒಂದಕ್ಕೆ ಬರೀ ಕೊಟ್ಟಿಗೆ ಗೊಬ್ಬರ, ಉಳಿದವಕ್ಕೆ ಬೇರೆ ಬೇರೆ ಪ್ರಮಾಣದ ರಾಸಾಯನಿಕ ಗೊಬ್ಬರ. ಏನೂ ಹಾಕದ ಪಟ್ಟಿಯಲ್ಲಿ ಹೆಕ್ಟೇರಿಗೆ ಸುಮಾರು ಒಂದು ಟನ್ ಗೋಧಿ ಸಿಗುತ್ತದೆ, ಅಷ್ಟೇ. ಕೊಟ್ಟಿಗೆ ಗೊಬ್ಬರದ ಪಟ್ಟಿ ಮತ್ತು ರಾಸಾಯನಿಕದ ಪಟ್ಟಿ ಬಹಳ ಕಾಲ ಸರಿಸಮ ಇಳುವರಿ ಕೊಟ್ಟವು. ಹೊಸ ತಳಿಗಳು ಬಂದ ಮೇಲೆ, ಕೊಟ್ಟಿಗೆ ಗೊಬ್ಬರ ಹಾಕಿ ಮೇಲೆ ಒಂದಿಷ್ಟು ಸಾರಜನಕ ಕೊಟ್ಟ ಪಟ್ಟಿ ಎಲ್ಲವನ್ನೂ ಹಿಂದೆ ಹಾಕಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ರಾಗಿಯ ಮೇಲೆ ವರ್ಷಗಟ್ಟಲೆ ನಡೆದ ಪ್ರಯೋಗವೂ ಇದನ್ನೇ ಹೇಳುತ್ತದೆ. ಎರಡೂ ಸೇರಿದರೇನೇ ಇಳುವರಿ ಜಾಸ್ತಿ, ಅದು ನಿಲ್ಲುವುದೂ ಜಾಸ್ತಿ ವರ್ಷ.

ಹಾಗಾದರೆ ಬರೀ ಸಾವಯವದಲ್ಲೇ ಹೋಗಬಾರದಾ? ಲೆಕ್ಕ ಹಾಕಿ ನೋಡಿ. ನಾಲೆ ಬಯಲಿನ ಭತ್ತಕ್ಕೆ ಎಕರೆಗೆ ಸುಮಾರು 40 ಕಿಲೋ ಸಾರಜನಕ ಬೇಕು. 45 ಕಿಲೋ ಯೂರಿಯ ಮೂಟೆಯಲ್ಲಿ 20 ಕಿಲೋಗೂ ಸ್ವಲ್ಪ ಜಾಸ್ತಿ ಇರುತ್ತದೆ. ಎರಡು ಮೂಟೆಗೆ ಕೆಲಸ ಮುಗಿಯಿತು. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಇರುವುದು ನೂರು ಕಿಲೋಗೆ ಅರ್ಧ ಕಿಲೋ. ಅದೇ 40 ಕಿಲೋಗೆ ಎಂಟು ಟನ್ ಗೊಬ್ಬರ ಹೊಡೆಯಬೇಕು. ಅದರಲ್ಲೂ ಮೊದಲ ಬೆಳೆಗೆ ಒಂದು ಪಾಲು ಮಾತ್ರ ಸಿಗುತ್ತದೆ, ಮಿಕ್ಕಿದ್ದು ಮಣ್ಣಿನಲ್ಲಿ ನಿಧಾನವಾಗಿ ಬಿಡುತ್ತಾ ಹೋಗುತ್ತದೆ. ಬ್ರಾಡ್‌ಬಾಕ್‌ನಲ್ಲಿ ಪ್ರತಿ ವರ್ಷ ಹೆಕ್ಟೇರಿಗೆ 35 ಟನ್ ಹಾಕುತ್ತಾರೆ. ಎರಡು ಹಸು ಕಟ್ಟಿಕೊಂಡ ಮದ್ದೂರಿನ ರೈತ ಅಷ್ಟನ್ನು ಎಲ್ಲಿಂದ ತರಬೇಕು? ಒಂದೇ ವರ್ಷಕ್ಕೆ ಯೂರಿಯ ನಿಲ್ಲಿಸಿ ಅನ್ನುವವರು ಅವನ ಮನೆ ಭತ್ತದ ಲೆಕ್ಕ ಹಾಕಿಲ್ಲ.

ಆದರೆ ಯೂರಿಯದ ಕಡೆಯವರೂ ಒಂದು ಮಾತು ಕೇಳಬೇಕು. ಮೂಟೆಗೆ 266 ರೂಪಾಯಿ ಚಿಲ್ಲರೆ ಅಂದರೆ ಕೈ ನಿಲ್ಲುವುದೇ ಇಲ್ಲ. ಪಕ್ಕದ ಗದ್ದೆ ಕಡು ಹಸಿರಾಗಿದ್ದರೆ ನಮ್ಮದಕ್ಕೂ ಇನ್ನೊಂದು ಮೂಟೆ ಬೀಳುತ್ತದೆ. ಹಸಿರು ಜಾಸ್ತಿಯಾದ ಭತ್ತಕ್ಕೆ ಬೆಂಕಿ ರೋಗ ಬೇಗ ತಗಲುತ್ತದೆ, ಕಂದು ಜಿಗಿಹುಳ ಏರುತ್ತದೆ, ಒಂದು ಗಾಳಿಗೆ ಪೈರು ಮಲಗುತ್ತದೆ. ಕಬ್ಬಿನ ಕಥೆ ತಿಳಿಯಬೇಕಾದರೆ ಆಲೆಮನೆಗೆ ಹೋಗಿ. ತಡವಾಗಿ ಯೂರಿಯ ತಿಂದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಎಷ್ಟು ಕಾಯಿಸಿದರೂ ಪಾಕ ಸರಿಯಾಗಿ ಕೂರುವುದಿಲ್ಲ. ಅಚ್ಚಿಗೆ ಹೊಯ್ದ ಬೆಲ್ಲ ಕಪ್ಪಾಗುತ್ತದೆ, ಮೆತ್ತಗಾಗುತ್ತದೆ, ನಾಲ್ಕು ದಿನಕ್ಕೆ ನೀರು ಬಿಡುತ್ತದೆ. ಪಾಕ ಹಿಡಿಯುವವನಿಗೆ ಇದು ಯಾವ ಪುಸ್ತಕವೂ ಇಲ್ಲದೆ ಗೊತ್ತು. ತೂಕ ಬಂದರೂ ಬೆಲೆ ಬರುವುದಿಲ್ಲ.

ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಬೆಂಕಿ ನೋಡಿದಾಗ. ಕಬ್ಬು ಕಡಿದ ಮೇಲೆ ತರಗಿಗೆ ಕಡ್ಡಿ ಗೀರುತ್ತಾರೆ. ಅದರಲ್ಲಿದ್ದ ಸಾರಜನಕ ಹೊಗೆಯಾಗಿ ಹೋಗುತ್ತದೆ. ಮಾರನೆಯ ವಾರ ಅದೇ ಬುಡದಿಂದ ಚಿಗುರುವ ಕೂಳೆ ಬೆಳೆಗೆ ಯೂರಿಯ ಕೊಳ್ಳಲು ಕ್ಯೂ ನಿಲ್ಲುತ್ತೇವೆ! ಇಂಗ್ಲೆಂಡಿನಲ್ಲೂ ಹೊಲಕ್ಕೆ ಬೆಂಕಿ ಇಡುತ್ತಿದ್ದರು. 1993ರಲ್ಲಿ ಅದನ್ನು ನಿಲ್ಲಿಸಿದರು. ಗೊಬ್ಬರದ ಸಾರಜನಕ ನೈಟ್ರೇಟ್ ಆಗಿ ನೀರಿಗೆ ಇಳಿಯುವ ಪ್ರದೇಶಗಳಲ್ಲಿ ಚಳಿಗಾಲದ ಇಂತಿಷ್ಟು ತಿಂಗಳು ಸಾರಜನಕದ ರಾಸಾಯನಿಕ ಗೊಬ್ಬರ ಹಾಕುವ ಹಾಗೇ ಇಲ್ಲ. ಅಲ್ಲಿ ಸಗಣಿಯ ಸಾರಜನಕಕ್ಕೂ ಮಿತಿ ಇದೆ, ವರ್ಷಕ್ಕೆ ಹೆಕ್ಟೇರಿಗೆ 170 ಕಿಲೋ. ಅಂದರೆ ಸಾವಯವ ಆದ ಮಾತ್ರಕ್ಕೆ ಎಷ್ಟು ಸುರಿದರೂ ನಡೆಯುತ್ತದೆ ಅಂತ ಇಲ್ಲಿ ಯಾರೂ ಹೇಳುವುದಿಲ್ಲ. ರೈತ ಯಾವ ಹೊಲಕ್ಕೆ ಎಷ್ಟು, ಯಾವಾಗ ಹಾಕಿದ ಅಂತ ಬರೆದಿಡಬೇಕು. ಈ ಲೆಕ್ಕ ಬರೆಯುವ ಅಭ್ಯಾಸ ನಮಗೆ ಬೇಕು. ಇಲ್ಲಿನ ಕಾನೂನನ್ನು ಹಾಗೇ ತಂದು ಎರಡು ಎಕರೆ ರೈತನ ಮೇಲೆ ಹೇರುವುದು ಬೇಡ.

ನನ್ನ ಒತ್ತಾಯ ಇಷ್ಟು. ಯೂರಿಯಕ್ಕೆ ಸುರಿಯುವ ಸಹಾಯಧನದಲ್ಲಿ ಒಂದು ಪಾಲು ತಿಪ್ಪೆಗೂ ಬರಲಿ. ತಿಪ್ಪೆ ಬಿಸಿಲು ಮಳೆಗೆ ಬಿದ್ದರೆ ಅದರ ಸತ್ವ ಅರ್ಧ ದಾರಿಯಲ್ಲೇ ಹೋಗುತ್ತದೆ, ಅದಕ್ಕೆ ಗುಂಡಿ ತೋಡಿ ನೆರಳು ಮಾಡಲು ಹಣ ಕೊಡಲಿ. ತರಗು ಪುಡಿ ಮಾಡುವ ಯಂತ್ರ ಊರಿನಲ್ಲೇ ಬಾಡಿಗೆಗೆ ಸಿಗಲಿ. ಹಸಿರೆಲೆ ಗೊಬ್ಬರಕ್ಕೆ ಬೆಳೆಯುವ ಡಯಾಂಚ, ಸೆಣಬಿನ ಬೀಜ ಮೇ ತಿಂಗಳ ಮಳೆಗೆ ಮುಂಚೆಯೇ ರೈತನ ಕೈ ಸೇರಲಿ. ಆಗ ನಾಲೆಗೆ ನೀರು ಬಿಡುವ ಹೊತ್ತಿಗೆ ಆ ಗಿಡ ಹೂವಿಗೆ ಬಂದಿರುತ್ತದೆ. ಅದನ್ನು ಉತ್ತು ಮಣ್ಣಿಗೆ ಸೇರಿಸಿ ಭತ್ತ ನಾಟಿ ಹಾಕಿದರೆ, ಆ ಗದ್ದೆಗೆ ಯೂರಿಯ ಒಂದು ಮೂಟೆ ಕಡಿಮೆ ಸಾಕು.